ಏಣಿ ಅಟ್ಟವನ್ನು ಒಬ್ಬರೇ ನಿಲ್ಲಿಸಲು ಹೊರಟವರಿಗೆ

ನಾಲ್ಕು ದಿನದ ಹಿಂದೆ ನಮ್ಮೂರಿನ ಇಬ್ಬರು ಮನೆಗೆ ಬಂದು, ನನ್ನ ಹೊಲದಲ್ಲಿರುವ ಕಬ್ಬಿಣದ ಏಣಿ ಅಟ್ಟದ ಅಳತೆಯನ್ನು ಬರೆದುಕೊಂಡು ಹೋದರು. ಅಳತೆಯನ್ನು ಸಂತೋಷದಿಂದಲೇ ಕೊಟ್ಟೆ. ಆದರೆ ಅದನ್ನು ನಿಲ್ಲಿಸುವಾಗ ನನಗೇನಾಯಿತು ಎಂಬುದನ್ನು ಹೇಳಿ ಮುಗಿಸುವ ಮೊದಲೇ ಅವರು ಚಹಾ ಮುಗಿಸಿ ಎದ್ದುಬಿಟ್ಟರು. ಗೋವಿನಜೋಳದ ತೆನೆ ಹಾಲುಗಾಳಿಗೆ ಬರುವ ದಿನಗಳು ಹತ್ತಿರವಾಗಿವೆ. ಕಾಡುಹಂದಿಗಳಿಂದ ಬೆಳೆ ಕಾಯಲು ರಾಣೆಬೆನ್ನೂರು, ಬ್ಯಾಡಗಿ, ಹಿರೇಕೆರೂರು ಕಡೆಯ ರೈತರು ರಾತ್ರಿ ಹೊಲಕ್ಕೆ ಹೋಗುವ ಕಾಲವಿದು. ಅಂದು ಅರ್ಧಕ್ಕೆ ನಿಂತ ಮಾತನ್ನು ಅದಕ್ಕಾಗಿ ಇಲ್ಲಿ ಪೂರ್ತಿ ಮಾಡುತ್ತಿದ್ದೇನೆ.

ನಾನು ಹೇಳುತ್ತಿರುವುದು ನಮ್ಮ ಹಿರಿಯರು ನಾಲ್ಕು ಕಂಬ ನೆಟ್ಟು ಕಟ್ಟುತ್ತಿದ್ದ ಅಟ್ಟದ ವಿಷಯವಲ್ಲ. ಇದು ಒಂದೇ ಉದ್ದನೆಯ ಏಣಿ; ಅದರ ತುದಿಯಲ್ಲಿ ಕೂರಲು ಆಸನ, ಕಾಲಿಡಲು ಸಣ್ಣ ಜಾಲರಿ ಇರುತ್ತವೆ. ಇಡೀ ಏಣಿಯನ್ನು ಮರದ ಕಾಂಡಕ್ಕೆ ಆನಿಸಿ ಬೆಲ್ಟಿನಿಂದ ಬಿಗಿಯಬೇಕು. ಅಮೆರಿಕದಲ್ಲಿ ಜಿಂಕೆ ಬೇಟೆಯಾಡುವವರು ಬಳಸುವ ಸಾಧನವಿದು, ನಾನು ನೋಡಿದ್ದೂ ಅವರ ವಿಡಿಯೋಗಳಲ್ಲಿಯೇ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ನಮ್ಮ ಚಿಗರಿ, ಅಂದರೆ ಕೃಷ್ಣಮೃಗ, ಆ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿಯೇ ಇದೆ. ಅದಕ್ಕೆಂದೇ 1974ರಲ್ಲಿ ರಾಣೆಬೆನ್ನೂರಿನ ಅಭಯಾರಣ್ಯವಾಗಿದೆ. ಆದ್ದರಿಂದ ಈ ಅಟ್ಟದ ಮೇಲೆ ಬ್ಯಾಟರಿ, ಬಾರಿಸುವ ಹಲಗೆ ಮತ್ತು ಗಟ್ಟಿ ಗಂಟಲಿಗಷ್ಟೇ ಜಾಗ. ಬೆಳೆ ಹಾಳಾದರೆ ಫೋಟೋ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕಬೇಕೇ ಹೊರತು ಬೇಲಿಗೆ ಕರೆಂಟ್ ಬಿಡುವ ಯೋಚನೆಯನ್ನು ಯಾರೂ ಮಾಡಬಾರದು.

ನಾನು ಬಸ್ ಡಿಪೋದ ವರ್ಕ್‌ಶಾಪಿನಲ್ಲಿ 22 ವರ್ಷ ದುಡಿದು ನಿವೃತ್ತನಾದವನು. ಜಾಕಿನ ಮೇಲೆ ಬಸ್ಸನ್ನು ಎತ್ತಿ ನಿಲ್ಲಿಸಿ ಅದರ ಕೆಳಗೆ ಮಲಗಿ ಕೆಲಸ ಮಾಡಿದವನಿಗೆ ಒಂದು ಏಣಿ ಯಾವ ಲೆಕ್ಕ ಎಂಬ ಜಂಬ ನನ್ನಲ್ಲಿತ್ತು. ಜಾಕಿನ ಜೊತೆಗೆ ಸ್ಟ್ಯಾಂಡ್ ಇಡದೆ ಬಸ್ಸಿನ ಕೆಳಗೆ ಹೋದ ಹುಡುಗರನ್ನು ಬೈದು ಹೊರಗೆಳೆದವನೂ ನಾನೇ ಎಂಬುದು ಅಂದು ನೆನಪಿಗೆ ಬರಲಿಲ್ಲ. ವೆಲ್ಡಿಂಗ್ ಅಂಗಡಿಯವನು ನಾನು ಹೇಳಿದಂತೆಯೇ 15 ಅಡಿಯ ಏಣಿಯನ್ನು ಒಂದರೊಳಗೊಂದು ಕೂರುವ ಮೂರು ತುಂಡುಗಳಲ್ಲಿ ಮಾಡಿಕೊಟ್ಟ. ಅವನ ಕೆಲಸದಲ್ಲಿ ತಪ್ಪು ಹುಡುಕಲು ಬರುವುದಿಲ್ಲ. ಮರಕ್ಕೆ ತಾಗುವ ತುದಿಯಲ್ಲಿ ನೇರವಾದ ಅಡ್ಡಪಟ್ಟಿ ಸಾಕು ಎಂದವನು ನಾನು, ಏಣಿಯ ನಡುವಿನಿಂದ ಮರಕ್ಕೆ ಹೋಗುವ ಆಧಾರದ ಸರಳನ್ನು ಖರ್ಚು ಉಳಿಸಲು ಬೇಡವೆಂದವನೂ ನಾನು.

ಅದು 2024ರ ಆಗಸ್ಟ್ ಕೊನೆಯ ವಾರ. ಹಿಂದಿನ ರಾತ್ರಿ ಹಂದಿಗಳು ಒಡ್ಡಿನ ಪಕ್ಕದ ಆರು ಸಾಲನ್ನು ಮಲಗಿಸಿ ಹೋಗಿದ್ದವು. ಅದನ್ನು ನೋಡಿದ ಸಿಟ್ಟಿನಲ್ಲಿ ಅಂದೇ ಸಂಜೆಯೊಳಗೆ ಅಟ್ಟ ನಿಲ್ಲಿಸಬೇಕೆಂದು ಹೊರಟೆ. ದಾರಿಯಲ್ಲಿ ಸಿಕ್ಕ ಪಕ್ಕದ ಹೊಲದ ಹುಡುಗ, “ಕಾಕಾ, ಆ ನಿಚ್ಚಣಕಿಗೆ ಇಬ್ಬರರ ಬೇಕ್ರಿ. ನಾಳೆ ಮುಂಜಾನೆ ನಾನು ಬರ್ತೇನಿ, ಒಂದಿನ ತಡೀರಿ” ಎಂದ. “ನೀ ಬರೂದ್ರಾಗ ಹಂದಿ ಉಳಿಸಿದ್ದೂ ತಿಂದು ಹೊಕ್ಕಾವ ತಮ್ಮಾ” ಎಂದು ನಗುತ್ತಾ ಮುಂದೆ ಹೋದೆ. ಅಂಥ ಏಣಿಗಳನ್ನು ತಯಾರಿಸುವ ಕಂಪನಿಗಳ ಕೈಪಿಡಿಗಳಲ್ಲಿಯೇ ನಿಲ್ಲಿಸಲು ಮೂರು ಜನ ಬೇಕೆಂದು ಬರೆದಿರುತ್ತದೆ ಎಂಬುದು ನನಗೆ ಗೊತ್ತಾದದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಾಗ.

ಮರ ಒಡ್ಡಿನ ಮೇಲಿನ ಬೇವು, ನೇರವಾದ ಕಾಂಡ, ಎದೆಮಟ್ಟದಲ್ಲಿ ಎರಡೂ ತೋಳಿನಿಂದ ತಬ್ಬಿದರೆ ಬೆರಳು ಬೆರಳಿಗೆ ತಾಗುವಷ್ಟು ದಪ್ಪ. ತುಂಡುಗಳನ್ನು ನೆಲದ ಮೇಲೆಯೇ ಜೋಡಿಸಿ, ಬುಡ ಜಾರದಂತೆ ಮುಂದೆ ಒಂದು ಗೂಟ ಹೊಡೆದು, ತುದಿಯಿಂದ ಒಂದೊಂದೇ ಮೆಟ್ಟು ಹಿಡಿಯುತ್ತಾ ನಡೆದು ಎತ್ತಿದೆ. ಆಸನ ತುದಿಯಲ್ಲಿರುವುದರಿಂದ ಇದು ಮನೆಯ ಏಣಿಯಂತೆ ಏಳುವುದಿಲ್ಲ. ಅರ್ಧ ಎತ್ತಿದ ಮೇಲೆ ತಲೆಭಾರಕ್ಕೆ ಪಕ್ಕಕ್ಕೆ ಎಳೆಯುತ್ತದೆ, ಆಗ ಬಿಡಲೂ ಆಗದು, ಹಿಡಿಯಲೂ ಆಗದು. ಹೇಗೋ ಮರಕ್ಕೆ ಆನಿಸಿದೆ. ನಮ್ಮದು ಎರಿ ಹೊಲ, ಅಂದರೆ ಕಪ್ಪು ಮಣ್ಣಿನದು. ಮೂರು ದಿನ ಮಳೆ ಬಿಟ್ಟಿದ್ದರಿಂದ ಮೇಲಿನ ಪದರು ಒಣಗಿ ಕಲ್ಲಿನಂತಾಗಿತ್ತು, ಬೆರಳಿನಿಂದ ಒತ್ತಿದರೂ ಜಗ್ಗಲಿಲ್ಲ. ಒಂದು ಕಾಲು ತುಸು ತಗ್ಗಿನಲ್ಲಿತ್ತೆಂದು ಅದರ ಕೆಳಗೆ ಒಂದು ಚಪ್ಪಟೆ ಕಲ್ಲು ತುರುಕಿದೆ. ಆ ಒಣ ಪದರಿನ ಕೆಳಗೆ ಎರಿಮಣ್ಣು ಇನ್ನೂ ಬೆಣ್ಣೆಯಂತೆ ಇರುತ್ತದೆ ಎಂಬುದು ಹುಟ್ಟಿದಾಗಿನಿಂದ ಆ ಮಣ್ಣಿನಲ್ಲೇ ಓಡಾಡಿದವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಿಜವಾದ ತಪ್ಪು ಆಮೇಲಿನದು. ಮೇಲಿನ ಕಟ್ಟು ಕಟ್ಟಲು, ಏಣಿಗೆ ಇನ್ನೂ ಒಂದೂ ಕಟ್ಟು ಇಲ್ಲದಿರುವಾಗಲೇ ಏಣಿ ಹತ್ತಿದೆ. ಹೆಗಲ ಮೇಲೆ ಹಗ್ಗದ ಸುರುಳಿ, ಸೊಂಟದಲ್ಲಿ 17ನೇ ನಂಬರಿನ ಪಾನಾ. ಹತ್ತಡಿ ಏರಿದ ಮೇಲೆ ಹಗ್ಗದ ತುದಿಯನ್ನು ಕಾಂಡದ ಹಿಂದಿನಿಂದ ದಾಟಿಸಿ ಇನ್ನೊಂದು ಕೈಯಲ್ಲಿ ಹಿಡಿಯಬೇಕಾಗಿತ್ತು. ಅದಕ್ಕಾಗಿ ಎರಡೂ ಕೈಗಳನ್ನು ಏಣಿಯಿಂದ ಬಿಟ್ಟು, ಎದೆಯನ್ನು ಏಣಿಯ ಅಂಚಿನಿಂದ ಹೊರಗೆ ಚಾಚಿ ಮರವನ್ನು ತಬ್ಬಿಕೊಂಡೆ. ಕೆಳಗಿನಿಂದ ತೇವದ ಮಣ್ಣು ಬೂಟಿಗೆ ಅಂಟಿದಾಗ ಬರುವಂಥ ಒಂದು ಸಣ್ಣ ಸದ್ದು ಬಂತು. ಏಣಿಯ ಎಡಗಾಲಿನ ಕೆಳಗಿನ ಕಲ್ಲು ಓರೆಯಾಗಿ ಮಣ್ಣಿನೊಳಗೆ ಇಳಿದಿತ್ತು.

ದುಂಡನೆಯ ಕಾಂಡಕ್ಕೆ ನೇರವಾದ ಪಟ್ಟಿಯನ್ನು ಆನಿಸಿದರೆ ಅದು ಒಂದೇ ಕಡೆ ತಾಗುತ್ತದೆ. ಮೇಲೆ ಒಂದು ಬಿಂದು, ಕೆಳಗೆ ಎರಡು ಕಾಲು. ಕೆಳಗಿನ ಒಂದು ಕಾಲು ಇಳಿದರೆ ಉಳಿದ ಎರಡು ಬಿಂದುಗಳೇ ಬಾಗಿಲಿನ ತಿರುಗಣೆಯಾಗಿ ಏಣಿ ಮರದ ಸುತ್ತ ತಿರುಗುತ್ತದೆ. ಅದು ಹಿಂದಕ್ಕೆ ಬೀಳುವುದಿಲ್ಲ, ಪಕ್ಕಕ್ಕೆ ಹೊರಳುತ್ತದೆ. ಹತ್ತಿದವನ ಭಾರವೂ ಅದೇ ಪಕ್ಕಕ್ಕೆ ಚಾಚಿದ್ದರೆ ಕೇಳುವುದೇ ಬೇಡ. ಹತ್ತಡಿಯಿಂದ ನೆಲ ಮುಟ್ಟಲು ಒಂದು ಸೆಕೆಂಡೂ ಬೇಕಾಗುವುದಿಲ್ಲ. ಹಾರಿಕೊಳ್ಳುವುದು, ಕೊಂಬೆ ಹಿಡಿಯುವುದು ಎಲ್ಲ ಕುಳಿತು ಯೋಚಿಸುವವರ ಮಾತು. ಬಲ ಹಿಮ್ಮಡಿಯ ಮೇಲೆ ಬಿದ್ದು, ಅಲ್ಲಿಂದ ಎಡ ಮುಂಗೈ ಮೇಲೆ ಉರುಳಿದೆ. ಏಣಿ ನನ್ನ ಮೊಣಕಾಲಿನಿಂದ ಒಂದು ಮೊಳ ದೂರದಲ್ಲಿ ಬಿತ್ತು.

ಫೋನ್ ಒಡ್ಡಿನ ಆ ತುದಿಯಲ್ಲಿ ನಿಲ್ಲಿಸಿದ್ದ ಬೈಕಿನ ಚೀಲದಲ್ಲಿತ್ತು. ಹತ್ತುವಾಗ ಬಿದ್ದು ಒಡೆದೀತೆಂದು ನಾನೇ ಜೋಪಾನವಾಗಿ ಅಲ್ಲಿ ಇಟ್ಟಿದ್ದೆ. ಆಳೆತ್ತರಕ್ಕೂ ಮೀರಿ ಬೆಳೆದ ಗೋವಿನಜೋಳದ ನಡುವೆ ಬಿದ್ದವನನ್ನು ಯಾರೂ ನೋಡಲಾರರು, ಅವನ ಕೂಗನ್ನೂ ಆ ಬೆಳೆ ನುಂಗಿಬಿಡುತ್ತದೆ. ಸ್ವಲ್ಪ ಹೊತ್ತು ಕೂಗಿ ಗಂಟಲು ಒಣಗಿದ ಮೇಲೆ ಸೊಂಟದ ಪಾನಾ ನೆನಪಾಯಿತು. ಬಿದ್ದ ಏಣಿಯ ಕಬ್ಬಿಣಕ್ಕೆ ಅದರಿಂದ ಮೂರು ಏಟು, ಸ್ವಲ್ಪ ಬಿಡುವು, ಮತ್ತೆ ಮೂರು ಏಟು ಹೀಗೆ ಹೊಡೆಯುತ್ತಾ ಹೋದೆ. ಡಿಪೋದಲ್ಲಿ ಗುಂಡಿಯೊಳಗಿದ್ದವರನ್ನು ಮೇಲೆ ಕರೆಯಲು ನಾವು ಹೊಡೆಯುತ್ತಿದ್ದುದು ಹಾಗೆಯೇ. ಒಂದೂವರೆ ಗಂಟೆಯ ಮೇಲೆ ಎಮ್ಮೆಗೆ ಹುಲ್ಲು ಕೊಯ್ಯಲು ಬಂದ ಅದೇ ಹುಡುಗ, ಈ ಹೊತ್ತಿನಲ್ಲಿ ಹೊಲದಲ್ಲಿ ಯಾರು ಕಮ್ಮಾರಿಕೆ ಮಾಡುತ್ತಿದ್ದಾರೆಂದು ಹುಡುಕಿಕೊಂಡು ಬಂದ.

ಅವನು ಇನ್ನಿಬ್ಬರನ್ನು ಕರೆತಂದು, ನನ್ನನ್ನು ಕಂಕುಳಲ್ಲಿ ಎತ್ತಿ, ಬೈಕಿನ ಮೇಲೆ ನಡುವೆ ಕೂರಿಸಿ ರಸ್ತೆಗೆ ಒಯ್ದ. ಅವರ ಪ್ರೀತಿಗೆ ನಾನು ಋಣಿ. ಆದರೆ ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಬೈದದ್ದು ಅದಕ್ಕೇ. ಎತ್ತರದಿಂದ ಹಿಮ್ಮಡಿಯ ಮೇಲೆ ಬಿದ್ದ ಏಟು ಕಾಲಿನಲ್ಲಿಯೇ ನಿಲ್ಲುವುದಿಲ್ಲ, ನೇರವಾಗಿ ಬೆನ್ನುಮೂಳೆಗೆ ಏರುತ್ತದೆ. ಹಿಮ್ಮಡಿ ಮುರಿದವರ ಬೆನ್ನಿನ ಎಕ್ಸ್‌ರೇ ತೆಗೆಯುವುದು ಅದಕ್ಕಾಗಿಯೇ. ಬೆನ್ನುಮೂಳೆ ಮುರಿದಿದ್ದವನನ್ನು ಹಾಗೆ ಬೈಕಿನ ಮೇಲೆ ಕೂರಿಸಿದ್ದರೆ ಕಾಲಿನ ಸ್ವಾಧೀನವೇ ತಪ್ಪುವ ಸಾಧ್ಯತೆ ಇರುತ್ತದೆ. ಬಿದ್ದವರನ್ನು ಇದ್ದಲ್ಲೇ ಮಲಗಿಸಿ, ಕತ್ತು ಅಲುಗದಂತೆ ನೋಡಿಕೊಂಡು 108ಕ್ಕೆ ಕರೆ ಮಾಡಬೇಕು. ನನ್ನ ಬೆನ್ನು ಉಳಿದಿತ್ತು. ಹಿಮ್ಮಡಿ ಮತ್ತು ಮುಂಗೈ ಮುರಿದಿದ್ದವು. ಆ ವರ್ಷದ ಗೋವಿನಜೋಳವನ್ನು ಕೊಯ್ದವರು ಬೇರೆಯವರು.

ಇನ್ನು ಮಾಡಬೇಕಾದ ರೀತಿಯ ಬಗ್ಗೆ. ಮೂವರು ಸಿಗುವವರೆಗೆ ಕಾಯುವುದೇ ಸರಿ. ಆದರೂ ಒಬ್ಬರೇ ಮಾಡುವವರು ಇದ್ದೇ ಇರುತ್ತಾರಾದ್ದರಿಂದ ಇದನ್ನಾದರೂ ಗಮನಿಸಲಿ: ಏಣಿಯನ್ನು ಎತ್ತುವ ಮೊದಲೇ, ಅದು ನೆಲದ ಮೇಲಿರುವಾಗಲೇ, ತುದಿಯ ಎರಡೂ ಪಕ್ಕಕ್ಕೆ ಎರಡು ಉದ್ದನೆಯ ಹಗ್ಗ ಕಟ್ಟಿರಬೇಕು. ಏಣಿ ಮರಕ್ಕೆ ಆನಿದ ಕೂಡಲೇ ಆ ಹಗ್ಗಗಳನ್ನು ಮರದ ಹಿಂದೆ ಅಡ್ಡಹಾಯಿಸಿ, ಬಲದ್ದನ್ನು ಎಡಕ್ಕೂ ಎಡದ್ದನ್ನು ಬಲಕ್ಕೂ ತಂದು ಏಣಿಯ ಕೆಳಭಾಗಕ್ಕೆ ಬಿಗಿದರೆ ಅದು ತಿರುಗುವುದು ನಿಲ್ಲುತ್ತದೆ. ಇದಕ್ಕೆ ಒಂದು ಮೆಟ್ಟನ್ನೂ ಹತ್ತಬೇಕಾಗಿಲ್ಲ. ಆಮೇಲೆ ನಡುವಿನ ಆಧಾರದ ಸರಳನ್ನು ಮರಕ್ಕೆ ಒತ್ತಿ ಬೆಲ್ಟ್ ಹಾಕಬೇಕು. ಇಷ್ಟಾದ ಮೇಲೂ ಏಣಿಯನ್ನು ಬಲವಾಗಿ ಎಡಕ್ಕೆ, ಬಲಕ್ಕೆ ಅಲುಗಾಡಿಸಿ ನೋಡಿ, ಮೊದಲ ಮೆಟ್ಟಿನ ಮೇಲೆ ನಿಂತು ಕುಣಿದು ನೋಡಿಯೇ ಮುಂದಿನ ಮೆಟ್ಟು. ಏಣಿಯ ತುಂಡುಗಳು ಕೂಡುವಲ್ಲಿ ಆರಪಾರ ಬೋಲ್ಟ್ ಮತ್ತು ನಟ್ಟು ಇರಲೇಬೇಕು, ಬರೀ ತುರುಕಿದ ಕೊಳವೆ ಸಾಲದು. ಮರಕ್ಕೆ ತಾಗುವ ತುದಿ ಕವೆಯ ಆಕಾರದಲ್ಲಿದ್ದು ಕಾಂಡವನ್ನು ಎರಡು ಕಡೆ ಹಿಡಿಯಬೇಕು. ಬುಡವನ್ನು ಮರದಿಂದ ಎಷ್ಟು ದೂರ ಇಡಬೇಕೆಂಬುದಕ್ಕೆ ಆನಿಸುವ ಏಣಿಗಳ ಸಾಮಾನ್ಯ ಲೆಕ್ಕವಿದು: 4 ಅಡಿ ಎತ್ತರಕ್ಕೆ 1 ಅಡಿ. 15 ಅಡಿಗೆ ಸುಮಾರು 4 ಅಡಿ ಬರುತ್ತದೆ.

ಕಟ್ಟಲು ಲಾರಿಯವರು ಲೋಡು ಬಿಗಿಯುವ ರಾಟ್ಚೆಟ್ ಬೆಲ್ಟ್ ಬೇಕು. ದನ ಕಟ್ಟುವ ಹಳೆಯ ನೈಲಾನ್ ಹಗ್ಗ ಬಿಸಿಲಿಗೆ ಬಿರುಸಾಗಿ, ಬೆರಳಿನಿಂದ ಉಜ್ಜಿದರೆ ಪುಡಿ ಉದುರುತ್ತದೆ. ನಾನು ಅಂದು ಹೆಗಲ ಮೇಲೆ ಹಾಕಿಕೊಂಡಿದ್ದುದು ಅಂಥದ್ದೇ. ಬೆಲ್ಟಿಗೂ ಬಿಸಿಲಿನ ಕಾಟ ತಪ್ಪಿದ್ದಲ್ಲವಾದ್ದರಿಂದ ಸುಗ್ಗಿ ಮುಗಿದ ಮೇಲೆ ಬಿಚ್ಚಿ ಮನೆಯಲ್ಲಿಡಬೇಕು. ಬಿಚ್ಚದೆ ಬಿಟ್ಟರೆ ಮರ ದಪ್ಪವಾಗುತ್ತಾ ಬೆಲ್ಟ್ ತೊಗಟೆಯೊಳಗೆ ಹೂತುಹೋಗುತ್ತದೆ, ಬೋಲ್ಟುಗಳೂ ಸೆಟೆದುಕೊಳ್ಳುತ್ತವೆ.

ಹತ್ತುವವರ ಮೈಮೇಲೂ ಬೆಲ್ಟ್ ಇರಬೇಕು. ಬರೀ ಸೊಂಟಪಟ್ಟಿಯಲ್ಲಿ ಬಿದ್ದರೆ ಹೊಟ್ಟೆಯೇ ಹರಿದೀತು. ಹೆಗಲು, ಎದೆ, ತೊಡೆ ಎಲ್ಲವನ್ನೂ ಹಿಡಿಯುವ ಪೂರ್ತಿ ಹಾರ್ನೆಸ್ ಹುಬ್ಬಳ್ಳಿಯ ಸುರಕ್ಷತಾ ಸಾಮಾನುಗಳ ಅಂಗಡಿಗಳಲ್ಲಿ ಸಿಗುತ್ತದೆ. ಭಾರತೀಯ ಮಾನಕದ ಐಎಸ್ 3521 ಎಂಬ ಗುರುತು ಇರುವುದನ್ನು ನೋಡಿ ಕೊಳ್ಳಬೇಕು. ಅದರ ಜೊತೆಗೆ ಲೈನ್‌ಮನ್ ಕಂಬ ತಬ್ಬಿಸಿ ಹಾಕಿಕೊಳ್ಳುವಂಥ ಪಟ್ಟಿಯನ್ನು ಮರಕ್ಕೆ ಬಳಸಿ, ಮೆಟ್ಟು ಏರಿದಂತೆ ಅದನ್ನೂ ಏರಿಸುತ್ತಾ ಹೋದರೆ ಎರಡೂ ಕೈ ಕೆಲಸಕ್ಕೆ ಸಿಗುತ್ತವೆ. ಹೆಚ್ಚು ಅಪಾಯವಿರುವುದು ಏಣಿಯಿಂದ ಆಸನಕ್ಕೆ ದಾಟುವಾಗ ಮತ್ತು ಆಸನದಿಂದ ಏಣಿಗೆ ಇಳಿಯುವಾಗ. ಅಲ್ಲಿ ಪಟ್ಟಿ ಬಿಚ್ಚುವ ಚಪಲ ಬೇಡ. ಹಾರ್ನೆಸ್‌ನಲ್ಲಿ ನೇತಾಡುತ್ತಾ ಉಳಿಯುವುದೂ ಕ್ಷೇಮವಲ್ಲ. ತೊಡೆಯ ಪಟ್ಟಿ ಬಿಗಿದು ರಕ್ತ ಕಾಲಿನಲ್ಲೇ ನಿಂತು ಕೆಲವೇ ನಿಮಿಷಗಳಲ್ಲಿ ಎಚ್ಚರ ತಪ್ಪಬಹುದು, ಆದ್ದರಿಂದ ಪಾದ ಊರಿ ಮೇಲೇಳಲು ಒಂದು ಹಗ್ಗದ ಕುಣಿಕೆಯನ್ನು ಕಿಸೆಯಲ್ಲಿಟ್ಟುಕೊಂಡಿರಬೇಕು. ಸಾಮಾನನ್ನು ಹೊತ್ತು ಹತ್ತದೆ, ಮೇಲೆ ಹೋದ ಮೇಲೆ ಹಗ್ಗದಿಂದ ಎಳೆದುಕೊಳ್ಳಬೇಕು. ಫೋನ್ ಮಾತ್ರ ಗುಂಡಿ ಹಾಕಿದ ಕಿಸೆಯಲ್ಲಿರಲಿ. ಯಾವ ಹೊಲ, ಯಾವ ಮರ, ಎಷ್ಟು ಹೊತ್ತಿಗೆ ವಾಪಸು ಎಂಬುದು ಮನೆಯವರಿಗೆ ಗೊತ್ತಿರಲಿ.

ಮರ ಆರಿಸುವಾಗ ಮೇಲೆ ನೋಡಿ. ಹತ್ತಿರದಲ್ಲಿ ವಿದ್ಯುತ್ ತಂತಿ ಹಾದಿದ್ದರೆ ಆ ಮರವನ್ನು ಮರೆತುಬಿಡಿ, ಕಬ್ಬಿಣದ ಏಣಿ ಎತ್ತುವಾಗ ಓಲಾಡಿದರೆ ಮುಗಿಯಿತು. ಹೆಜ್ಜೇನು ಇದೆಯೇ, ಒಣಕೊಂಬೆ ಇದೆಯೇ ಎಂಬುದನ್ನೂ ನೋಡಬೇಕು. ನೀಲಗಿರಿ ಮರ ನೆಟ್ಟಗಿರುತ್ತದೆ ನಿಜ, ಗಾಳಿಗೆ ಅಷ್ಟೇ ತೂಗುತ್ತದೆ. ಕೆಂಪು ಮಣ್ಣಿನ ಮಸಾರಿ ಹೊಲದಲ್ಲಿ ಬುಡದ ಚಿಂತೆ ಕಡಿಮೆ; ಎರಿ ಹೊಲದಲ್ಲಿ ಎರಡೂ ಕಾಲಿನ ಕೆಳಗೆ ಗಟ್ಟಿ ತಳ ಸಿಗುವವರೆಗೆ ಅಗೆದು, ಗರಸು ತುಂಬಿ ದಮ್ಮಸು ಮಾಡಿ, ಎರಡಕ್ಕೂ ಸೇರಿ ಒಂದೇ ಹಾಸುಗಲ್ಲು ಹಾಕಬೇಕು.

ನನ್ನ ಏಣಿಗೆ ಅಂಗಡಿಯವನಿಂದ ಕವೆಯನ್ನೂ ಆಧಾರದ ಸರಳನ್ನೂ ಹಾಕಿಸಿದ್ದೇನೆ. ಪಾನಾದ ಏಟು ಬಿದ್ದ ಮೆಟ್ಟಿಗೆ ಬಣ್ಣ ಬಳಿಯಲು ಅವನು ಹೊರಟಾಗ, ಅದು ಹಾಗೇ ಇರಲಿ ಎಂದೆ. ಅದೇ ಬೇವಿಗೆ ಈ ಬಾರಿ ಪಕ್ಕದ ಹೊಲದ ಹುಡುಗ, ನನ್ನ ಮಗ, ನಾನು ಮೂವರೂ ಸೇರಿ ಅದನ್ನು ನಿಲ್ಲಿಸಿದೆವು. ಎತ್ತಿ, ಬಿಗಿದು ಮುಗಿಸಲು ನಲವತ್ತು ನಿಮಿಷ ಹಿಡಿಯಿತು, ಅದಕ್ಕೂ ಮೊದಲು ಬುಡ ಅಗೆದು ಕಲ್ಲು ಹಾಸಲು ಅರ್ಧ ದಿನವೇ ಹೋಯಿತು.