ಹಳೇ ಆಲ್-ಇನ್-ಒನ್‌ಗೆ ಗ್ರಾಫಿಕ್ಸ್ ಕಾರ್ಡ್ ತರಿಸುವ ಮುಂಚೆ ಇದನ್ನು ಓದಿ

ಸ್ಕ್ರೀನಿನ ಹಿಂದೆಯೇ ಎಲ್ಲ ಭಾಗಗಳೂ ಇರುವ ಹಳೇ ಆಲ್-ಇನ್-ಒನ್ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್ ಬದಲಿಸುವ ಯೋಚನೆ ಇದ್ದರೆ ದಯವಿಟ್ಟು ಸ್ವಲ್ಪ ತಡೆಯಿರಿ. ಎರಡು ವಾರದ ಹಿಂದೆ ನನ್ನದು ನಿಧಾನವಾಗಿಯಾದರೂ ಓಡುತ್ತಿತ್ತು. ಈಗ ಅದರ ಸ್ಕ್ರೀನ್ ಕೆಲಸ ಮಾಡುತ್ತಿಲ್ಲ.

ಇಂಥ ಎಷ್ಟೋ ಕಂಪ್ಯೂಟರುಗಳಲ್ಲಿ ಗ್ರಾಫಿಕ್ಸ್ ಚಿಪ್ ಮದರ್‌ಬೋರ್ಡಿಗೇ ಬೆಸುಗೆ ಆಗಿರುತ್ತದೆ. ಹಾಗಿದ್ದರೆ ಮಾತು ಅಲ್ಲಿಗೇ ಮುಗಿಯಿತು. ನನ್ನದರಲ್ಲಿ ಬಿಚ್ಚಿ ತೆಗೆಯಬಹುದಾದ ಎಂಎಕ್ಸ್‌ಎಂ ಕಾರ್ಡ್ ಇತ್ತು, ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇರುತ್ತಿತ್ತಲ್ಲ, ಅದೇ. ಎಂಎಕ್ಸ್‌ಎಂ ಮೂರನೇ ಆವೃತ್ತಿಯಲ್ಲಿ ಕಾರ್ಡಿಗೆ ಎರಡು ಅಳತೆ: ಟೈಪ್ ಎ 82 × 70 ಮಿ.ಮೀ., ಟೈಪ್ ಬಿ 82 × 105 ಮಿ.ಮೀ. ಅಳತೆ ನೋಡಿಯೇ ಲ್ಯಾಪ್‌ಟಾಪಿನಿಂದ ತೆಗೆದ ಸೆಕೆಂಡ್ ಹ್ಯಾಂಡ್ ಕಾರ್ಡ್ ತರಿಸಿದೆ. 'ಸ್ಲಾಟ್ ಒಂದೇ, ಕೂರಿಸಿದರೆ ಆಯ್ತು' ಅಂದರು ಮಾರಿದವರು.

ಕೂತಿತು. ಆನ್ ಮಾಡಿದರೆ ಫ್ಯಾನ್ ತಿರುಗಿತು, ಸ್ಕ್ರೀನ್ ಮಾತ್ರ ಕಪ್ಪು. ಹೊರಗಿನ ಮಾನಿಟರ್ ಜೋಡಿಸಿದಾಗ ಸ್ವಲ್ಪ ಹೊತ್ತಿಗೆ ಪಾಸ್‌ವರ್ಡ್ ಕೇಳುವ ಪರದೆ ಬಂತು. ಅಂದರೆ ಕಾರ್ಡ್ ಸತ್ತಿರಲಿಲ್ಲ. ಅದಕ್ಕೆ ನನ್ನ ಸ್ಕ್ರೀನ್ ಗೊತ್ತಿರಲಿಲ್ಲ, ಅಷ್ಟೇ. ಕಾರ್ಡಿನೊಳಗೆ ವಿಬಯೋಸ್ ಅಂತ ಒಂದು ಪುಟ್ಟ ಪ್ರೋಗ್ರಾಂ ಇರುತ್ತದೆ. ಚಿತ್ರ ಯಾವ ದಾರಿಯಲ್ಲಿ ಹೊರಗೆ ಹೋಗಬೇಕು ಅನ್ನೋದು ಅದರಲ್ಲೇ ಬರೆದಿರುತ್ತದೆ. ಸ್ಕ್ರೀನಿಗೆ ಚಿತ್ರ ಕಳಿಸುವ ದಾರಿಗಳಲ್ಲಿ ಎರಡು ಎಲ್‌ವಿಡಿಎಸ್ ಮತ್ತು ಇಡಿಪಿ: ಹಳೇ ಸ್ಕ್ರೀನ್‌ಗಳು ಸಾಮಾನ್ಯವಾಗಿ ಎಲ್‌ವಿಡಿಎಸ್, ಆಮೇಲೆ ಬಂದವು ಇಡಿಪಿ. ಸ್ಲಾಟ್ ಒಂದೇ ಇದ್ದರೂ ಈ ದಾರಿ ಬೇರೆಯಾದರೆ ಸ್ಕ್ರೀನ್ ಬೆಳಗುವುದಿಲ್ಲ. ಮಾರುವವರು ಇದನ್ನು ಹೇಳಬೇಕಿತ್ತು, ಅಲ್ವಾ? ನೀವೇ ಕೇಳಿ: ನಿಮ್ಮದೇ ಮಾಡೆಲ್, ಅದೇ ವರ್ಷದ ಕಂಪ್ಯೂಟರಿನಲ್ಲಿ ಈ ಕಾರ್ಡ್ ಓಡಿದ್ದನ್ನು ಅವರು ಕಣ್ಣಾರೆ ನೋಡಿದ್ದಾರಾ ಅಂತ.

ಕಾರ್ಡ್ ವಾಪಸ್ ತೆಗೆದಾಗ ಇನ್ನೊಂದು ಕಂಡಿತು. ಬಿಸಿ ದಾಟಿಸಲೆಂದು ನಾನು ಚಿಪ್ ಮೇಲೆ ಹಚ್ಚಿದ್ದ ಥರ್ಮಲ್ ಪೇಸ್ಟ್ ಒಂದು ಮೂಲೆಯಲ್ಲಿ ಮಾತ್ರ ಒತ್ತಿಕೊಂಡು ಹರಡಿತ್ತು. ಉಳಿದ ಕಡೆ ಹಚ್ಚಿದ ಹಾಗೇ ಉಬ್ಬಿ ನಿಂತಿತ್ತು. ಚಿಪ್‌ನ ಬಿಸಿ ಎಳೆದುಕೊಳ್ಳುವ ಲೋಹದ ಭಾಗ, ಅಂದರೆ ಹೀಟ್‌ಸಿಂಕ್, ಮಾಡಿರೋದು ಹಳೇ ಕಾರ್ಡಿನ ಎತ್ತರಕ್ಕೆ. ಹೊಸದರ ಮೆಮೊರಿ ಚಿಪ್‌ಗಳು ಬೇರೆ ಜಾಗದಲ್ಲಿದ್ದವು, ಹಾಗಾಗಿ ಅದು ಸಮವಾಗಿ ಕೂತಿರಲಿಲ್ಲ. ಸ್ಕ್ರೀನ್ ಬಂದಿದ್ದರೂ ಕಾರ್ಡ್ ಬಿಸಿಯಲ್ಲೇ ಹೋಗಿಬಿಡುತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ದೊಡ್ಡ ನಷ್ಟ ಆದದ್ದು ಆ ಎರಡನೇ ಸಲ ಬಿಚ್ಚುವಾಗ. ಈ ಕಂಪ್ಯೂಟರಿನಲ್ಲಿ ಏನು ಮುಟ್ಟಬೇಕಾದರೂ ಮೊದಲು ಸ್ಕ್ರೀನ್ ಎತ್ತಬೇಕು. ಅದರ ಹಿಂದಿನ ಕೇಬಲ್ ಗೇಣುದ್ದವೂ ಇಲ್ಲ. ಒಂದು ಕೈಯಲ್ಲಿ ಸ್ಕ್ರೀನ್ ಹಿಡಿದು ಇನ್ನೊಂದರಲ್ಲಿ ಕನೆಕ್ಟರ್ ಎಳೆದೆ. ಕೂದಲಿನಷ್ಟು ತೆಳ್ಳಗಿನ ಎರಡು ತಂತಿ ಕಿತ್ತು ಬಂದವು. ಹಳೇ ಕಾರ್ಡ್ ಹಾಕಿದರೂ ಈಗ ಸ್ಕ್ರೀನ್‌ನಲ್ಲಿ ಏನೂ ಬರುತ್ತಿಲ್ಲ. ಬಿಚ್ಚಲೇಬೇಕು ಅಂದರೆ ಸ್ಕ್ರೀನ್ ಹಿಡಿಯಲು ಇನ್ನೊಬ್ಬರು ಇರಲಿ. ಕೇಬಲನ್ನು ತಂತಿ ಹಿಡಿದು ಎಳೆಯಬೇಡಿ.

ಪವರ್ ಸಪ್ಲೈ ಒಳಗೇ ಇರುವ ಮಾಡೆಲ್ ಆದರೆ ಇನ್ನೂ ಜಾಸ್ತಿ ಹುಷಾರು. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಕರೆಂಟು ಉಳಿದಿರುತ್ತದೆ, ಅದನ್ನು ಮುಟ್ಟಲೇಬೇಡಿ. ಕಂಪ್ಯೂಟರ್ ಸುಮ್ನೆ ನಿಧಾನ ಅನ್ನೋದಷ್ಟೇ ತೊಂದರೆ ಆದರೆ, ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸುವುದರಿಂದ ಆಗುವ ವ್ಯತ್ಯಾಸವೇ ಹೆಚ್ಚು.

ಸದ್ಯಕ್ಕೆ ಹಳೇ ಕಾರ್ಡ್, ಹೊರಗಿನ ಮಾನಿಟರ್ ಇಟ್ಟುಕೊಂಡು ಫೋಟೋಗಳನ್ನೆಲ್ಲ ಕಾಪಿ ಮಾಡಿಕೊಳ್ಳುತ್ತಿದ್ದೇನೆ. ಬಿಚ್ಚುವ ಮುಂಚೆ ಬ್ಯಾಕಪ್ ತೆಗೆದಿರಲಿಲ್ಲ. ನೀವು ತೆಗೆದುಕೊಳ್ಳಿ.