ಟಿಳಕವಾಡಿಯ ಆ ಸಣ್ಣ ಲ್ಯಾಬ್

ಹೆಸರು ಬೇಡ. ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಮಹಡಿ ಹತ್ತಿ ಹೋಗಬೇಕಾದ ಲ್ಯಾಬ್ ಇದು. ಲಿಫ್ಟ್ ಇಲ್ಲ, ಕೂರಲು ಇರೋದು ಒಂದೇ ಬೆಂಚು.

ನಮ್ಮಣ್ಣನಿಗೆ ಹೆಪಟೈಟಿಸ್ ಬಿ, ಅಂದರೆ ಯಕೃತ್ತಿಗೆ ತಗಲುವ ವೈರಸ್ ಸೋಂಕು. ವಾರಕ್ಕೊಂದು ಇಂಟರ್‌ಫೆರಾನ್ ಇಂಜೆಕ್ಷನ್, ಒಟ್ಟು 48 ವಾರ. ಈ ಔಷಧದಿಂದ ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ಸ್ವಲ್ಪ ಇಳಿಯೋದು ಮಾಮೂಲು. ಅದಕ್ಕೇ ಆಗಾಗ ರಕ್ತ ಪರೀಕ್ಷೆಗೆ ಇಲ್ಲಿಗೆ ಬರುತ್ತಿದ್ದೆವು. ಐದನೇ ತಿಂಗಳಲ್ಲಿ ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ ಬಂತು. ಕಾಲ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳು.

ಪ್ಲೇಟ್‌ಲೆಟ್ ಎಣಿಸಿದ ಮಷಿನ್ 18 ಸಾವಿರ ಅಂದಿತು. ಒಂದೂವರೆ ಲಕ್ಷವಾದರೂ ಇರಬೇಕಾದದ್ದು! ಬೇರೆಯವರಾದರೆ ಸುಮ್ನೆ ಪ್ರಿಂಟ್ ಕೊಟ್ಟು ಕಳಿಸುತ್ತಿದ್ದರೇನೋ. ಇಲ್ಲಿನ ಹುಡುಗ ಸ್ಲೈಡ್ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಿ ಫೋನ್ ಮಾಡಿದ. "ಅಕ್ಕಾರ, ನೇರಳೆ ಮುಚ್ಚಳದ ಟ್ಯೂಬಿನ್ಯಾಗ ಕೆಲವೊಮ್ಮೆ ಪ್ಲೇಟ್‌ಲೆಟ್ ಗುಂಪುಗೂಡ್ತಾವ್ರಿ, ಆಗ ಮಷಿನ್ ಕಡಿಮಿ ಎಣಸ್ತದ. ನೀಲಿ ಮುಚ್ಚಳದ್ದರಾಗ ಮತ್ತೊಮ್ಮೆ ಕೊಡ್ರಿ." ಎರಡನೇ ಸಲ 21 ಸಾವಿರ. ನಿಜವಾಗಿಯೂ ಕಡಿಮೆಯೇ. ಎರಡನೇ ಪರೀಕ್ಷೆಗೆ ದುಡ್ಡು ತಗೊಳ್ಳಲಿಲ್ಲ.

ಡಾಕ್ಟರ್ ಇಂಜೆಕ್ಷನ್ ನಿಲ್ಲಿಸಿದರು. ದೇಹ ತನ್ನ ಪ್ಲೇಟ್‌ಲೆಟ್‌ಗಳನ್ನೇ ನಾಶ ಮಾಡುತ್ತಿದೆ, ಇಂಟರ್‌ಫೆರಾನ್‌ನಿಂದ ಅಪರೂಪಕ್ಕೆ ಹೀಗಾಗುತ್ತದೆ ಅಂದರು. ಅದನ್ನು ತಡೆಯಲು ಸ್ಟೀರಾಯ್ಡ್, ಜೊತೆಗೇ ವೈರಸ್ ಹತೋಟಿಗೆ ಟೆನೊಫೋವಿರ್ ಮಾತ್ರೆ ಕೊಟ್ಟರು. ಬರೀ ಸ್ಟೀರಾಯ್ಡ್ ಕೊಟ್ಟರೆ ವೈರಸ್ ಮತ್ತೆ ಜಾಸ್ತಿಯಾಗಬಹುದಂತೆ.

ಆಮೇಲೆ ಎರಡು ದಿನಕ್ಕೊಮ್ಮೆ ಕೌಂಟ್. ಪ್ರತಿಸಲ ಅದೇ ಹುಡುಗ, ಚುಚ್ಚಿದ ಜಾಗವನ್ನು ಹತ್ತು ನಿಮಿಷ ತಾನೇ ಒತ್ತಿ ಹಿಡಿಯುತ್ತಿದ್ದ. ವಾಟ್ಸಾಪ್‌ನಲ್ಲಿ ರಿಪೋರ್ಟ್ ಮಾತ್ರ ಎಂದೂ ಹೇಳಿದ ಹೊತ್ತಿಗೆ ಬರಲಿಲ್ಲ. ಒಂದು ಸ್ಟಾರ್ ಕಡಿಮೆ ಅದಕ್ಕೆ, ಮೆಟ್ಟಿಲಿಗಲ್ಲ.