ಎಂಪಿ ಲೆಕ್ಕ ಕೇಳೋರಿಗೆ ದೇ ವರ್ಕ್ ಫಾರ್ ಯು: ಐದಕ್ಕೆ ನಾಲ್ಕು

ಲಂಡನ್ನಿನ ಹಾಲೋವೇಗೆ ಮನೆ ಬದಲಾಯಿಸಿದ ಮೇಲೆ ನಮ್ಮ ಎಂಪಿ ಯಾರು ಅಂತ ನೋಡಲು ದೇ ವರ್ಕ್ ಫಾರ್ ಯು (TheyWorkForYou) ತೆರೆದೆ, ಬ್ರಿಟನ್ ಎಂಪಿಗಳ ಕೆಲಸದ ವಿವರ ಕೊಡುವ ಸೈಟ್ ಇದು. ಪೋಸ್ಟ್‌ಕೋಡ್ ಹಾಕಿದರೆ ಸಾಕು, ದುಡ್ಡು ಕೊಡಬೇಕಿಲ್ಲ. ಕ್ಷೇತ್ರ ಇಸ್ಲಿಂಗ್ಟನ್ ನಾರ್ತ್, ಎಂಪಿ ಜೆರೆಮಿ ಕಾರ್ಬಿನ್ ಅಂತ ಬಂತು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ನಿನಗ್ಯಾಕೆ ಇದೆಲ್ಲ ಅಂತ ಗೆಳೆಯರು ಕೇಳಿದರು. ವೀಸಾ ಮೇಲೆ ಇಲ್ಲಿರುವ ನಮಗೂ ಸಂಸತ್ ಚುನಾವಣೆಯಲ್ಲಿ ವೋಟಿದೆ ಕಣ್ರಪ್ಪಾ, ಕಾಮನ್‌ವೆಲ್ತ್ ದೇಶದವರಲ್ವಾ! ಮೊದಲು ಮತದಾರರ ಪಟ್ಟಿಗೆ ಹೆಸರು ಸೇರಿಸಿ.

ಸೈಟ್ ಚೆನ್ನಾಗಿದೆ. ಎಂಪಿ ಸದನದಲ್ಲಿ ಏನು ಮಾತಾಡಿದರು, ಯಾವುದಕ್ಕೆ ವೋಟ್ ಹಾಕಿದರು, ಹೊರಗಿನಿಂದ ಏನು ಆದಾಯ ಬರುತ್ತೆ, ಎಲ್ಲ ಒಂದೇ ಕಡೆ ಸಿಗುತ್ತೆ. ಬೇಕಾದ ವಿಷಯಕ್ಕೆ ಇಮೇಲ್ ಅಲರ್ಟ್ ಹಾಕಿಕೊಳ್ಳಬಹುದು, ನಾನು ಬಾಡಿಗೆ ಮನೆ ವಿಷಯಕ್ಕೆ ಹಾಕಿದ್ದೇನೆ.

ಆದರೆ ಈ ಕ್ಷೇತ್ರವನ್ನು ಈ ಪುಟದಿಂದ ಅರ್ಥ ಮಾಡಿಕೊಳ್ಳೋಕೆ ಆಗಲ್ಲ. 1937ರಿಂದ 2019ರವರೆಗೆ ಪ್ರತಿ ಚುನಾವಣೆಯಲ್ಲೂ ಇಲ್ಲಿ ಗೆದ್ದದ್ದು ಲೇಬರ್ ಪಕ್ಷ, 1983ರಿಂದ ಕಾರ್ಬಿನ್ನೇ ಎಂಪಿ. 2024ರಲ್ಲಿ ಪಕ್ಷ ಟಿಕೆಟ್ ಕೊಡಲಿಲ್ಲ, ಪಕ್ಷೇತರರಾಗಿ ನಿಂತರು. ದೇಶದಲ್ಲೆಲ್ಲ ಲೇಬರ್ ಗಾಳಿ ಬೀಸಿ 400ಕ್ಕೂ ಹೆಚ್ಚು ಸೀಟು ಬಂದ ದಿನವೇ ಇಲ್ಲಿ ಅವರಿಗೆ 24,120 ವೋಟು, ಲೇಬರ್‌ಗೆ 16,873. ಜನ ಸದನದ ಭಾಷಣ ಎಣಿಸಿ ಹಾಕಿದ ವೋಟು ಇದು ಅಂತ ನನಗಂತೂ ಅನಿಸಲ್ಲ. ಎಂಪಿಗಳು ಕ್ಷೇತ್ರದಲ್ಲಿ ಕೂತು ಜನರ ಅಹವಾಲು ಕೇಳುವುದಕ್ಕೆ ಇಲ್ಲಿ ಸರ್ಜರಿ ಅಂತಾರೆ (ಮೊದಲ ಸಲ ಕೇಳಿದಾಗ ಯಾರಿಗೋ ಆಪರೇಷನ್ ಅಂದುಕೊಂಡಿದ್ದೆ). ಗೋಡೆ ತೇವ ಹಿಡಿದ ಮನೆ, ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡ ವೀಸಾ, ನಿಂತುಹೋದ ಭತ್ಯೆ, ಇಂಥದ್ದನ್ನು ಹಿಡಿದು ಜನ ಅಲ್ಲಿಗೆ ಹೋಗ್ತಾರೆ, ಎಂಪಿ ಕಚೇರಿ ಸ್ಥಳೀಯ ಕೌನ್ಸಿಲ್‌ಗೋ ವೀಸಾ ನೋಡಿಕೊಳ್ಳುವ ಹೋಮ್ ಆಫೀಸ್‌ಗೋ ಪತ್ರ ಬರೆಯುತ್ತೆ. ಈ ಕೆಲಸ ಸೈಟಲ್ಲಿ ಕಾಣಲ್ಲ, ಅವರವರ ಖಾಸಗಿ ವಿಷಯ, ಹಾಕೋಕೂ ಆಗಲ್ಲ ಬಿಡಿ.

ವೋಟಿಂಗ್‌ನಲ್ಲಿ ಎಂಪಿಯ ಗೈರುಹಾಜರಿ ನೋಡಿ ಸೋಮಾರಿ ಅಂತ ಬೈಯುವ ಮುಂಚೆ ಒಂದು ವಿಷಯ: ಸುಮ್ನೆ ತಟಸ್ಥರಾಗಿ ಕೂತವರನ್ನು ಸದನ ದಾಖಲಿಸುವುದೇ ಇಲ್ಲ. ಎದುರು ಪಕ್ಷಗಳ ಇಬ್ಬರು ಮಾತಾಡಿಕೊಂಡು, ಫಲಿತಾಂಶ ಬದಲಾಗದಂತೆ, ಒಟ್ಟಿಗೆ ವೋಟು ತಪ್ಪಿಸುವ ಪದ್ಧತಿಯೂ ಇದೆ. ಅದೂ ಇಲ್ಲಿ ಕಾಣಲ್ಲ.

ಎಂಪಿಗೆ ಬರೆಯಬೇಕಿದ್ದರೆ ಈ ಸೈಟ್ ನಡೆಸುವ ಸಂಸ್ಥೆಯದೇ ರೈಟ್ ಟು ದೆಮ್ (WriteToThem) ಅನ್ನೋ ಇನ್ನೊಂದು ಸೈಟ್ ಇದೆ. ಎಲ್ಲಿಂದಲೋ ಕಾಪಿ ಹೊಡೆದ ಪತ್ರ ಹಾಕಿದರೆ ತಡೆಯುತ್ತೆ. ನಿಮ್ಮ ಮಾತಲ್ಲೇ ಬರೆಯಿರಿ, ವಿಳಾಸ ಸರಿಯಾಗಿ ಕೊಡಿ, ಬೇರೆ ಕ್ಷೇತ್ರದವರ ಕೆಲಸಕ್ಕೆ ಎಂಪಿಗಳು ಕೈ ಹಾಕಲ್ಲ.